ಮಾಗಿಯ ದುಡಿಮೆ, ಯುಗಾದಿಯ ದುಡ್ಡು: ಹೂ-ತರಕಾರಿ ತೋಟಕ್ಕೆ 14 ಸೂತ್ರಗಳು

ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಒಂದೂವರೆ ಎಕರೆಯೊಳಗಿನ ತೋಟ ಎಂದರೆ ಹೆಚ್ಚುಕಡಿಮೆ ಹೀಗಿರುತ್ತದೆ: ಹತ್ತು ಗುಂಟೆ ಚೆಂಡು ಹೂವು, ಎಂಟು ಗುಂಟೆ ಸೇವಂತಿಗೆ, ಬದುವಿನ ಪಕ್ಕ ನಾಲ್ಕು ಸಾಲು ಮಲ್ಲಿಗೆ ಅಥವಾ ಕನಕಾಂಬರ, ಉಳಿದದ್ದರಲ್ಲಿ ಟೊಮೆಟೊ, ಬೀನ್ಸ್, ಬದನೆ, ಸೊಪ್ಪು. ದೀಪಾವಳಿ ಮುಗಿದು ಇಬ್ಬನಿ ಬೀಳತೊಡಗಿದ ಮೇಲೆ ಈ ತೋಟಗಳಲ್ಲಿ ಕೈಗೆ ಸ್ವಲ್ಪ ಬಿಡುವು ಸಿಗುತ್ತದೆ. ರಾಗಿ ಕೊಯ್ಲಾಗಿ ಮೆದೆ ಒಟ್ಟಿರುತ್ತಾರೆ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ವೈಕುಂಠ ಏಕಾದಶಿಯ ಎರಡು ದಿನ ಬಿಟ್ಟರೆ ಹೂವಿನ ಮಂಡಿಯೂ ತಣ್ಣಗೆ. "ಸಂಕ್ರಾಂತಿ ಕಳೀಲಿ, ಆಮೇಲೆ ನೋಡೋಣ" ಎನ್ನುವ ಮಾತು ಹುಟ್ಟುವುದೇ ಆಗ.

ಆದರೆ ಯುಗಾದಿಗೆ ಬುಟ್ಟಿ ತುಂಬ ಹೂ ಕೊಯ್ಯುವವರು, ಏಪ್ರಿಲ್ ತಿಂಗಳಲ್ಲಿ ಒಳ್ಳೆ ರೇಟಿಗೆ ತರಕಾರಿ ಮಾರುವವರು ಅದಕ್ಕೆ ಬೇಕಾದ ಕೆಲಸವನ್ನು ಮಾಗಿಯಲ್ಲೇ ಮಾಡಿ ಮುಗಿಸಿರುತ್ತಾರೆ. ಕಾರ್ತಿಕದಿಂದ ಶಿವರಾತ್ರಿವರೆಗಿನ ಆ ಕೆಲಸಗಳು ಇಲ್ಲಿವೆ.

1. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ

ಬೀಜ ಬಿತ್ತುವ ದಿನವನ್ನು ನಿರ್ಧರಿಸಬೇಕಾದದ್ದು ಮಾರುವ ದಿನ. ಹೊಸ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ಮೊದಲು ಯುಗಾದಿಯ ತಾರೀಖು ನೋಡಿ. ಅದು ವರ್ಷವರ್ಷ ಸರಿದಾಡುತ್ತದೆ: 2026ರ ಯುಗಾದಿ ಮಾರ್ಚ್ 19, 2027ರದು ಏಪ್ರಿಲ್ 7. ನಡುವೆ ಅಧಿಕ ಮಾಸ ಬರುವುದರಿಂದ ಹತ್ತೊಂಬತ್ತು ದಿನದ ವ್ಯತ್ಯಾಸ. ಹೋದ ವರ್ಷ ಸಸಿ ಹಾಕಿದ ತಾರೀಖಿಗೇ ಈ ವರ್ಷವೂ ಹಾಕಿದರೆ ಹಬ್ಬಕ್ಕೆ ಮೊದಲೇ ಹೂ ಬಿರಿದು ಮುಗಿದಿರುತ್ತದೆ, ಇಲ್ಲವೇ ಹಬ್ಬದ ದಿನ ಗಿಡದಲ್ಲಿ ಬರೀ ಮೊಗ್ಗಿರುತ್ತದೆ.

ಚೆಂಡು ಹೂವಿನ ಲೆಕ್ಕ ಸುಲಭ. ಬೀಜ ಹಾಕಿದ ಮೇಲೆ ಸಸಿ ನಾಟಿಗೆ ಬರಲು 25ರಿಂದ 30 ದಿನ. ನಾಟಿಯಾದ ಮೇಲೆ ಕೊಯ್ಲು ಹತ್ತಲು ತಳಿ ನೋಡಿಕೊಂಡು 50ರಿಂದ 60 ದಿನ. ಏಪ್ರಿಲ್ 7ರ ಹಬ್ಬಕ್ಕೆ ಫೆಬ್ರವರಿ ಮೊದಲ ವಾರ ನಾಟಿಯಾಗಬೇಕು, ಅಂದರೆ ಜನವರಿ ಎರಡನೇ ವಾರದೊಳಗೆ ಬೀಜ ಟ್ರೇ ಸೇರಿರಬೇಕು. ಮಾರ್ಚ್ 19ರ ಹಬ್ಬವಾದರೆ ಡಿಸೆಂಬರ್ 20ರ ಸುಮಾರಿಗೇ. ಕವಲು ಹೆಚ್ಚಲಿ ಎಂದು ಕುಡಿ ಚಿವುಟುವವರು ಇನ್ನೂ ಒಂದು ವಾರ ಮುಂಚೆ ಹಾಕಿಕೊಳ್ಳಿ. ಕುಡಿ ಚಿವುಟಿದ ಗಿಡದಲ್ಲಿ ಹೂ ಹೆಚ್ಚು, ಆದರೆ ತಡ.

ಎಲ್ಲ ಸಸಿಯನ್ನೂ ಒಂದೇ ದಿನ ನೆಡಬೇಡಿ. ಎರಡು ಕಂತು ಮಾಡಿ, ನಡುವೆ ಹತ್ತು ದಿನ ಬಿಡಿ. ಯುಗಾದಿಯಾದ ಎಂಟು ದಿನಕ್ಕೆ ರಾಮನವಮಿ, ಅದಾದ ಮೇಲೆ ಚೈತ್ರ ಹುಣ್ಣಿಮೆಗೆ ಬೆಂಗಳೂರು ಕರಗ. ಬೆಂಗಳೂರಿನ ಮಾರುಕಟ್ಟೆಗೆ ಹೂ ಕಳಿಸುವವರಿಗೆ ಇದು ಒಂದು ದಿನದ ಹಬ್ಬವಲ್ಲ, ಹದಿನೈದು ದಿನದ ಸಾಲು. ಮೊದಲ ದಿನವೇ ಬುಟ್ಟಿ ಬರಿದು ಮಾಡಿಕೊಂಡರೆ ಉಳಿದ ದಿನ ಪಕ್ಕದ ತೋಟದವರು ಮಾರುವುದನ್ನು ನೋಡುತ್ತ ಕೂರಬೇಕಾಗುತ್ತದೆ.

2. ಸೇವಂತಿಗೆಯ ತಾಯಿ ಗಿಡವನ್ನು ಹೂವಿದ್ದಾಗಲೇ ಗುರುತಿಸಿ

ಸೇವಂತಿಗೆ ಹಗಲು ಚಿಕ್ಕದಾದಾಗ ಮೊಗ್ಗಿಗೆ ತಿರುಗುವ ಗಿಡ. ಅದಕ್ಕೇ ಚಳಿಗಾಲದಲ್ಲಿ ತಾನಾಗಿ ಹೂ ಬಿಡುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿರುತ್ತೀರಿ. ಹಗಲು ಇನ್ನೂ ಮುಗಿದಿಲ್ಲ ಎಂದು ಗಿಡವನ್ನು ನಂಬಿಸಿ, ಮೊಗ್ಗು ಬರುವುದನ್ನು ಮುಂದಕ್ಕೆ ಹಾಕುವ ಉಪಾಯ ಅದು.

ಕೊಯ್ಲು ಮುಗಿದ ಮೇಲೆ ಎಲ್ಲ ಗಿಡವೂ ಒಂದೇ ಥರ ಕಾಣುತ್ತವೆ. ಯಾವುದು ದಪ್ಪ ಹೂ ಕೊಟ್ಟಿತು, ಯಾವುದು ಎಲೆಚುಕ್ಕೆ ಹತ್ತದೆ ನಿಂತಿತು ಎಂದು ಆಮೇಲೆ ಹೇಳಲು ಬರುವುದಿಲ್ಲ. ಆದ್ದರಿಂದ ಹೂ ತುಂಬಿರುವಾಗಲೇ ಸಾಲಿನಲ್ಲಿ ನಡೆದು, ಒಳ್ಳೆ ಗಿಡಗಳಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿ. ಕೊಯ್ಲಾದ ಮೇಲೆ ಆ ಗಿಡಗಳನ್ನು ಮಾತ್ರ ನೆಲದಿಂದ ಅರ್ಧ ಅಡಿ ಬಿಟ್ಟು ಸವರಿ. ಬುಡಕ್ಕೆ ಕಳಿತ ಗೊಬ್ಬರ ಹಾಕಿ ಹದವಾಗಿ ನೀರು ಕೊಟ್ಟರೆ ಸುತ್ತ ಕಂದು ಏಳುತ್ತವೆ. ಆ ಮಡಿಗೂ ರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟರೆ ಕಂದು ಮೊಗ್ಗಿಗೆ ಹೋಗದೆ ಸೊಪ್ಪಾಗಿ ಬೆಳೆಯುತ್ತದೆ. ಮುಂದಿನ ವರ್ಷದ ಪೂರ್ತಿ ಬೆಳೆ ನಿಲ್ಲುವುದು ಈ ಒಂದು ಮಡಿಯ ಮೇಲೆ.

ಬಲ್ಬಿನ ವೈರು ನೋಡಿಕೊಳ್ಳಿ. ಇಬ್ಬನಿಯಲ್ಲಿ ನೆನೆದ ನೆಲ, ಸಿಪ್ಪೆ ಕಿತ್ತ ವೈರು, ಬರಿಗಾಲು, ಈ ಮೂರೂ ಸೇರಿದರೆ ಜೀವಕ್ಕೇ ಅಪಾಯ. ತೇಪೆ ಹಾಕಿದ ವೈರನ್ನು ಈ ಬಿಡುವಿನಲ್ಲೇ ಬದಲಾಯಿಸಿ.

3. ಮಲ್ಲಿಗೆಗೆ ಮೊದಲು ಬಾಯಾರಿಕೆ, ಆಮೇಲೆ ಕತ್ತರಿ

ದುಂಡು ಮಲ್ಲಿಗೆಯನ್ನು ಸವರುವ ಕಾಲ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಅದಕ್ಕೆ ಹತ್ತು-ಹದಿನೈದು ದಿನ ಮೊದಲು ನೀರು ನಿಲ್ಲಿಸಿ. ಗಿಡ ಎಲೆ ಬಾಡಿಸಿ ವಿಶ್ರಾಂತಿಗೆ ಹೋದ ಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ, ಒಣಗಿದ್ದನ್ನೂ ಒಳಗೆ ಹೆಣೆದುಕೊಂಡದ್ದನ್ನೂ ತೆಗೆಯಿರಿ. ಒಳಗೆ ಗಾಳಿ-ಬೆಳಕು ಆಡಬೇಕು. ಆಮೇಲೆ ಪಾತಿ ಬಿಡಿಸಿ, ಗಿಡಕ್ಕೆ ಎರಡು ಪುಟ್ಟಿ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಹಾಕಿ, ಆಗ ನೀರು ಬಿಡಿ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು. ಸವರಲು ಮನಸ್ಸು ಬಾರದೆ ಬಿಟ್ಟ ಗಿಡದಲ್ಲಿ ಎಲೆ ಇರುತ್ತದೆ, ಹೂ ಇರುವುದಿಲ್ಲ.

ಕತ್ತರಿಯ ಬಾಯಿ ಹರಿತವಾಗಿರಲಿ. ರೋಗದ ಗಿಡ ಕತ್ತರಿಸಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸದೆ ಇನ್ನೊಂದಕ್ಕೆ ಹೋಗಬೇಡಿ.

4. ಕಿತ್ತ ಗಿಡದ ಬೇರು ನೋಡದೆ ಎಸೆಯಬೇಡಿ

ಮಾಗಿಯ ಕೆಲಸಗಳಲ್ಲಿ ಅತಿ ಕಡಿಮೆ ಜನ ಮಾಡುವ, ಆದರೆ ಖರ್ಚೇ ಇಲ್ಲದ ಕೆಲಸ ಇದು. ಹಳೆ ಟೊಮೆಟೊ, ಬದನೆ, ಬೀನ್ಸ್, ಕನಕಾಂಬರ ಕೀಳುವಾಗ ಎಳೆದು ಕೀಳದೆ ಗುದ್ದಲಿಯಲ್ಲಿ ಮಣ್ಣು ಸಡಿಲಿಸಿ ಬೇರುಸಮೇತ ಎತ್ತಿ. ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿನ ಉದ್ದಕ್ಕೂ ಅಲ್ಲಲ್ಲಿ ಊದಿಕೊಂಡ ಗಂಟುಗಳಿದ್ದರೆ ಅದು ಬೇರುಗಂಟು ಜಂತುವಿನ ಕೆಲಸ. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದು ನಿಲ್ಲುತ್ತಿದ್ದ, ಗೊಬ್ಬರ ಹಾಕಿದರೂ ಹಳದಿ ಬಿಡುತ್ತಿದ್ದ ಗಿಡಗಳ ರಹಸ್ಯ ಅಲ್ಲಿರುತ್ತದೆ.

ಬೀನ್ಸ್, ಅಲಸಂದೆ, ಅವರೆಯಲ್ಲಿ ಮಾತ್ರ ಎಚ್ಚರ. ಅವುಗಳ ಬೇರಿನಲ್ಲಿ ಒಳ್ಳೆಯ ಗಂಟೂ ಇರುತ್ತದೆ. ಉಗುರಿನಿಂದ ತಳ್ಳಿ ನೋಡಿ: ಸುಲಭವಾಗಿ ಉದುರಿ, ಸೀಳಿದರೆ ಒಳಗೆ ನಸುಗೆಂಪು ಕಂಡರೆ ಅದು ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಗಂಟು, ಅದು ನೆಲದಲ್ಲೇ ಉಳಿಯಲಿ. ಉದುರದೆ, ಬೇರೇ ಉಬ್ಬಿದಂತಿದ್ದರೆ ಅದು ಜಂತುವಿನ ಗಂಟು. ಆ ಬೇರುಗಳನ್ನು ತಿಪ್ಪೆಗೆ ಹಾಕದೆ ಒಣಗಿಸಿ ಸುಡಿ.

ಗಂಟು ಕಂಡ ತಾಕಿಗೆ ಗೂಟ ಹೊಡೆದು ಗುರುತು ಮಾಡಿ. ಅಲ್ಲಿಗೆ ಮುಂದಿನ ಬೆಳೆ ಚೆಂಡು ಹೂವು. ಅದರ ಬೇರು ಈ ಜಂತುವಿನ ಸಂಖ್ಯೆ ತಗ್ಗಿಸುತ್ತದೆ. ಟೊಮೆಟೊ ಆದ ಮೇಲೆ ಬದನೆ, ಬದನೆ ಆದ ಮೇಲೆ ಮೆಣಸಿನಕಾಯಿ ಹಾಕಿದರೆ ಜಂತುವಿಗೆ ವರ್ಷಪೂರ್ತಿ ಊಟ ಬಡಿಸಿದ ಹಾಗೆ. ಯುಗಾದಿಯ ಚೆಂಡು ಹೂವನ್ನು ಯಾವ ತಾಕಿನಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು.

5. ಖಾಲಿ ನೆಲಕ್ಕೆ ಮಾಗಿ ಉಳುಮೆ

ಬೆಳೆ ತೆಗೆದ ನೆಲದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ ಉತ್ತು ಹೆಂಟೆ ಬಿಡಿ. ಕಾಯಿಕೊರಕದ ಕೋಶ, ಗೊಣ್ಣೆ ಹುಳು ಮೇಲೆ ಬಂದು ಬಿಸಿಲಿಗೂ ಬೆಳ್ಳಕ್ಕಿಗೂ ಸಿಗುತ್ತವೆ. ಕಳೆಯ ಬೇರು ಒಣಗುತ್ತದೆ. ಮೊದಲ ಮಳೆ ಹರಿದು ಹೋಗದೆ ನೆಲಕ್ಕಿಳಿಯುತ್ತದೆ. ಇಳಿಜಾರಿದ್ದರೆ ಅಡ್ಡ ಉಳಬೇಕು. ಅಷ್ಟೇ.

6. ಗೊಬ್ಬರ ಹಾಕುವ ಮುಂಚೆ ಮಣ್ಣು ಪರೀಕ್ಷೆಗೆ ಕೊಡಿ

ಒಂದು ತಾಕಿನಲ್ಲಿ ಎಂಟು-ಹತ್ತು ಕಡೆ ಅರ್ಧ ಅಡಿ ಆಳ ತೋಡಿ, ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದು ಬೆರೆಸಿ, ಅರ್ಧ ಕಿಲೋ ಕಟ್ಟಿ ಕೊಟ್ಟರೆ ಸಾಕು. ಬದು, ತಿಪ್ಪೆ ಇದ್ದ ಜಾಗ, ಮರದ ನೆರಳು ಬಿಡಿ. ಹೂವಿನ ತಾಕು ಬೇರೆ, ತರಕಾರಿಯ ತಾಕು ಬೇರೆ. ಬೋರ್‌ವೆಲ್ ನೀರನ್ನೂ ಒಂದು ಬಾಟಲಿ ಜೊತೆಗೆ ಕೊಡಿ. ಗಡಸು ನೀರಿನ ಊರುಗಳಲ್ಲಿ ಮಣ್ಣಿನಷ್ಟೇ ಮುಖ್ಯ ಅದು. ವರದಿ ಬರುವ ಮುಂಚೆಯೇ ಡಿಎಪಿ ಚೀಲ ತಂದು ಸುರಿಯುವುದು ನಮ್ಮಲ್ಲಿ ರೂಢಿ. ಫಾಸ್ಫರಸ್ ಸಾಕಷ್ಟಿರುವ ನೆಲಕ್ಕೆ ಮತ್ತೆ ಡಿಎಪಿ ಹಾಕುವುದು ದುಡ್ಡು ಹೂಳುವ ಕೆಲಸ.

7. ತಿಪ್ಪೆಯನ್ನು ಈಗಲೇ ತಿರುವಿ

ಹಸಿ ಸಗಣಿ ಗೊಬ್ಬರದ ಜೊತೆ ಗೊಣ್ಣೆ ಹುಳುವೂ ಕಳೆಯ ಬೀಜವೂ ತೋಟಕ್ಕೆ ಬರುತ್ತವೆ. ಶಿವರಾತ್ರಿ ಹೊತ್ತಿಗೆ ಬೇಕಾದ ಗೊಬ್ಬರ ಡಿಸೆಂಬರ್‌ನಲ್ಲೇ ತಿರುವಿ ನೀರು ಚಿಮುಕಿಸಿದ್ದಾದರೆ ಮಾತ್ರ ಕಳಿತಿರುತ್ತದೆ. ಕಳಿತ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಕೊಡುತ್ತದೆ. ಮೂಗಿಗೆ ಸಗಣಿ ಬಡಿದರೆ ಇನ್ನೂ ಆಗಿಲ್ಲ ಎಂದೇ ಅರ್ಥ.

ಸೊರಗು ರೋಗ ಕಂಡ ತೋಟಕ್ಕೆ ಅದರಲ್ಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿಕೊಳ್ಳಬಹುದು. ನೂರು ಕಿಲೋ ಕಳಿತ ಗೊಬ್ಬರಕ್ಕೆ ಒಂದು ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ಜೊತೆಗೆ ನಾಲ್ಕೈದು ಕಿಲೋ ಬೇವಿನ ಹಿಂಡಿ ಸೇರಿಸಿ, ನೆರಳಲ್ಲಿ ಗುಡ್ಡೆ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಸಾಕು. ಒದ್ದೆ ಗೋಣಿಚೀಲ ಮುಚ್ಚಿ, ನಾಲ್ಕು ದಿನಕ್ಕೊಮ್ಮೆ ತಿರುವಿ. ಹದಿನೈದು ದಿನದೊಳಗೆ ಗುಡ್ಡೆಯ ಮೇಲೆ ಹಸಿರು ಬೂಷ್ಟು ಹರಡಿಕೊಂಡಿದ್ದರೆ ಅದು ಬೆಳೆದಿದೆ. ನಾಟಿಯ ಗುಣಿಗೆ ಒಂದೊಂದು ಬೊಗಸೆ ಹಾಕಿ. ಅದಾದ ಮೇಲೆ ಅಲ್ಲಿಗೆ ಶಿಲೀಂಧ್ರನಾಶಕ ಸುರಿದರೆ ಸಾಕಿದ್ದನ್ನು ನೀವೇ ಕೊಂದಂತೆ.

8. ಚಳಿಯಲ್ಲಿ ಬೀಜಕ್ಕೆ ಬೆಚ್ಚನೆ ಜಾಗ ಕೊಡಿ

ಡಿಸೆಂಬರ್-ಜನವರಿಯ ರಾತ್ರಿ ನಮ್ಮ ಕಡೆ ಉಷ್ಣಾಂಶ 12-15 ಡಿಗ್ರಿಗೆ ಇಳಿಯುತ್ತದೆ. ಬದನೆ, ಮೆಣಸಿನಕಾಯಿ, ದಪ್ಪಮೆಣಸಿನಕಾಯಿ ಬೀಜ ಆ ಚಳಿಗೆ ಮುದುಡಿ ಕೂರುತ್ತವೆ. ಮೊಳಕೆ ತಡವಾದರೆ ಕೊಳೆಯುವ ಸಂಭವ ಹೆಚ್ಚು. ಬೀಜ ಕಳಪೆ ಎಂದು ಅಂಗಡಿಯವರ ಮೇಲೆ ಹರಿಹಾಯುವ ಎಷ್ಟೋ ಪ್ರಸಂಗಗಳಲ್ಲಿ ತಪ್ಪು ಚಳಿಯದು.

ಪ್ರೋಟ್ರೇ ಬಳಸುವವರು ಕೋಕೋಪೀಟ್ ತುಂಬಿ ಬೀಜ ಹಾಕಿದ ಮೇಲೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿ ಮನೆಯೊಳಗಿಡಿ. ಒಳಗಿನ ಕಾವು, ತೇವ ಎರಡೂ ಉಳಿಯುತ್ತವೆ. ಮೂರನೇ ದಿನದಿಂದ ದಿನಕ್ಕೆರಡು ಸಲ ಬಿಚ್ಚಿ ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ಮೊಳಕೆ ಕತ್ತು ಬಗ್ಗಿಸಿಕೊಂಡು ಮೇಲೆದ್ದ ಕ್ಷಣವೇ ಟ್ರೇಗಳನ್ನು ಹರಡಿ ಬೆಳಕಿಗೆ ತನ್ನಿ. ಒಂದು ದಿನ ತಡವಾದರೂ ಕತ್ತಲಲ್ಲಿ ಸಸಿ ಉದ್ದಕ್ಕೆ ಎಳೆದುಕೊಂಡು ಬಿಳುಚಿಹೋಗುತ್ತದೆ, ಆಮೇಲೆ ಅದು ಗಟ್ಟಿಯಾಗುವುದಿಲ್ಲ.

ಹೀರೆ, ಹಾಗಲ, ಸೋರೆಯ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಒಲೆಯ ಪಕ್ಕ ಇಡಿ. ಬಾಯಿ ಬಿಟ್ಟ ಬೀಜವನ್ನಷ್ಟೇ ಟ್ರೇಗೆ ಹಾಕಿ. ನಾಟಿಗೆ ಒಂದು ವಾರ ಇರುವಾಗ ನೀರು ಕಡಿಮೆ ಮಾಡಿ, ಸಸಿಗಳನ್ನು ಬಿಸಿಲಿಗೆ ಒಡ್ಡಿ ಗಟ್ಟಿ ಮಾಡಿ. ನರ್ಸರಿಯಿಂದ ಸಸಿ ಕೊಳ್ಳುವವರು ಜನವರಿಯಲ್ಲೇ ಮುಂಗಡ ಹೇಳಿಡಿ, ತಳಿಯ ಹೆಸರು ಮತ್ತು ಲಾಟ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

9. ಬೇಸಿಗೆ ಟೊಮೆಟೊ ಉಳಿಸುವುದು ಸಸಿಯ ಪರದೆ

ಫೆಬ್ರವರಿಯಲ್ಲಿ ಬಿಸಿಲೇರಿದಂತೆ ಬಿಳಿ ನೊಣ ಹೆಚ್ಚುತ್ತದೆ, ಅದರ ಬೆನ್ನಿಗೆ ಎಲೆ ಮುಟುರು ರೋಗ. ಸಸಿಯಲ್ಲೇ ವೈರಸ್ ಹತ್ತಿದರೆ ಆಮೇಲೆ ಯಾವ ಔಷಧಿಯೂ ಕೆಲಸಕ್ಕೆ ಬಾರದು. ಆದ್ದರಿಂದ ಸಸಿಮಡಿಗೆ 40-50 ಮೆಷ್‌ನ ನೈಲಾನ್ ಪರದೆ ಕಡ್ಡಾಯ. ಸೊಳ್ಳೆಪರದೆಯ ಕಣ್ಣು ದೊಡ್ಡದು, ಬಿಳಿ ನೊಣ ಸಲೀಸಾಗಿ ನುಸುಳುತ್ತದೆ. ಪರದೆಯ ಅಂಚನ್ನು ಮಣ್ಣಲ್ಲಿ ಹೂಳಿ, ತೂತು ಬಿದ್ದಲ್ಲಿ ಹೊಲಿಯಿರಿ.

ಹೊಸ ಸಸಿ ಏಳುವ ಮುಂಚೆ ಹಳೆ ಟೊಮೆಟೊ ಗಿಡ ತೋಟದಲ್ಲಿ ಇರಲೇಬಾರದು. ದಿನಕ್ಕೆ ಅರ್ಧ ಕ್ರೇಟ್ ಕಾಯಿ ಸಿಗುತ್ತದೆಂದು ಜನವರಿ ಕೊನೆವರೆಗೂ ಬಿಟ್ಟ ಆ ಮುದಿ ಗಿಡಗಳೇ ರೋಗದ ಗೂಡು. ಪಕ್ಕದ ತೋಟದವರಿಗೂ ಹೇಳಿ. ನೊಣಕ್ಕೆ ಸರ್ವೆ ನಂಬರ್ ಗೊತ್ತಿಲ್ಲ.

ತಳಿಯ ಆಯ್ಕೆಯಲ್ಲೂ ರಕ್ಷಣೆ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುವ ಸಂಕರಣ ತಳಿ. ಕಾಯಿಕೊರಕಕ್ಕೆ ಅದೇ ಸಂಸ್ಥೆ ಹೇಳಿಕೊಟ್ಟ ಉಪಾಯ ಹೂ-ತರಕಾರಿ ಎರಡೂ ಬೆಳೆಯುವವರಿಗೆ ಹೇಳಿ ಮಾಡಿಸಿದಂತಿದೆ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ಟೊಮೆಟೊ ಸಸಿ 25 ದಿನದ್ದು, ಚೆಂಡು ಹೂವಿನ ಸಸಿ 40 ದಿನದ್ದು ಇರಬೇಕು. ಆಗ ಎರಡೂ ಒಟ್ಟಿಗೆ ಮೊಗ್ಗಿಗೆ ಬಂದು, ಪತಂಗ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ವಯಸ್ಸಿನ ಈ ಹದಿನೈದು ದಿನದ ಅಂತರ ತಪ್ಪಿದರೆ ಸಾಲು ಚೆಂದಕ್ಕೆ ಇರುತ್ತದೆ, ಕೆಲಸಕ್ಕಲ್ಲ. ಆದ್ದರಿಂದ ಚೆಂಡು ಹೂವಿನ ಬೀಜ ಮೊದಲು ಬೀಳಲಿ.

10. ಇಬ್ಬನಿ ಆರಿದ ಮೇಲೆ ನೀರು

ಚಳಿಗಾಲದ ಸಂಜೆ ಸ್ಪ್ರಿಂಕ್ಲರ್ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆ. ಗುಲಾಬಿಗೆ, ಬೀನ್ಸಿಗೆ ಬೂದಿ ರೋಗ, ಮೋಡ ಮುಸುಕಿದ ವಾರದಲ್ಲಿ ಟೊಮೆಟೊಗೆ ಅಂಗಮಾರಿ, ಎಲ್ಲಕ್ಕೂ ಎಚ್ಚರ ಬೇಕಾದ ಕಾಲ. ಬೆಳಗ್ಗೆ ಎಲೆ ಒಣಗಿದ ಮೇಲೆ ನೀರು ಕೊಡಿ, ಬುಡಕ್ಕೆ ಕೊಡಿ. ದಿನಕ್ಕೊಮ್ಮೆ ಎಲೆಯ ಅಡಿಭಾಗ ತಿರುಗಿಸಿ ನೋಡಿ, ಹೇನು-ನುಸಿ ಅಡಗುವುದು ಅಲ್ಲೇ.

ಔಷಧಿ ಹೊಡೆದರೆ ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳನ್ನು ಕಾಯಲೇಬೇಕು. ತರಕಾರಿಗಷ್ಟೇ ಅಲ್ಲ, ಹೂವಿಗೂ. ಹೂವನ್ನು ಯಾರೂ ತಿನ್ನುವುದಿಲ್ಲವಲ್ಲ ಎನ್ನುವವರಿದ್ದಾರೆ. ಕೊಯ್ಯುವ ಹೆಣ್ಣುಮಕ್ಕಳ ಕೈ, ಕಟ್ಟುವವರು ದಾರ ಕಚ್ಚುವ ಬಾಯಿ, ಮುಡಿದ ಮಗುವಿನ ಮೂಗು, ಎಲ್ಲಕ್ಕೂ ಅದು ತಗಲುತ್ತದೆ.

11. ಬೋರ್‌ವೆಲ್ ಎಷ್ಟು ಕೊಡುತ್ತದೆ ಎಂದು ಅಳೆದು, ಅಷ್ಟೇ ನಾಟಿ ಮಾಡಿ

ಬೇಸಿಗೆ ಬೆಳೆ ಸೋಲುವುದು ಬಹಳ ಸಲ ಏಪ್ರಿಲ್‌ನ ಬಿಸಿಲಿನಿಂದಲ್ಲ, ಫೆಬ್ರವರಿಯ ಆಸೆಯಿಂದ. ಅಳತೆ ಕಷ್ಟವಲ್ಲ. 200 ಲೀಟರಿನ ಡ್ರಮ್ಮಿಗೆ ನೀರು ಬಿಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಪಂಪು ಹಾಕಿದ ಕೂಡಲೇ ಅಳೆಯಬೇಡಿ, ಎರಡು ಗಂಟೆ ಓಡಿದ ಮೇಲೆ ಅಳೆಯಿರಿ. ಆಗ ಬರುವುದೇ ನಿಜವಾದ ನೀರು.

ಇನ್ನು ಬೆಳೆಯ ಕಡೆಯ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಿಸಲು ಸುಮಾರು 4,000 ಲೀಟರ್ ಬೇಕು. ಬಿರುಬೇಸಿಗೆಯಲ್ಲಿ ಮೈತುಂಬಿ ನಿಂತ ತರಕಾರಿ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಕುಡಿಯುತ್ತದೆ, ಅಂದರೆ ಎಕರೆಗೆ 16ರಿಂದ 20 ಸಾವಿರ ಲೀಟರ್. ಗಂಟೆಗೆ 3,000 ಲೀಟರ್ ಕೊಡುವ ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟು ಏಳು ಗಂಟೆ ಪೂರ್ತಿ ಸಿಕ್ಕರೂ 21,000. ಒಂದು ಎಕರೆಗೆ ಅಲ್ಲಿಗಲ್ಲಿಗೆ. ಏಪ್ರಿಲ್ ಹೊತ್ತಿಗೆ ನೀರು ಇಳಿಯುವುದೂ ಕರೆಂಟು ಕೈಕೊಡುವುದೂ ಖಾತ್ರಿ. ಹಾಗಾಗಿ ಅಂಥ ಬೋರ್‌ವೆಲ್ ಇರುವವರು ಅರ್ಧ ಎಕರೆಗಷ್ಟೇ ಬೇಸಿಗೆ ಬೆಳೆ ಇಡಿ. ಅರ್ಧ ಎಕರೆಯ ತಂಪು ಬೆಳೆ ಒಂದು ಎಕರೆಯ ಒಣಗಿದ ಬೆಳೆಗಿಂತ ಹೆಚ್ಚು ದುಡ್ಡು ತರುತ್ತದೆ. ಉಳಿದರ್ಧ ಉತ್ತು ಬಿಡಲಿ, ಭರಣಿ ಮಳೆಗೆ ಸಜ್ಜಾಗಲಿ.

ಡ್ರಿಪ್ ಪೈಪುಗಳನ್ನು ಇದೇ ಬಿಡುವಿನಲ್ಲಿ ತೊಳೆಯಿರಿ. ಲ್ಯಾಟರಲ್‌ನ ತುದಿಯ ಮಡಿಕೆ ಬಿಚ್ಚಿ ನೀರು ಬಿಟ್ಟರೆ ಮೊದಲು ಕೆಂಪು ರಾಡಿ ಬರುತ್ತದೆ, ತಿಳಿ ಬರುವವರೆಗೂ ಬಿಡಿ. ಆಮೇಲೆ ಸಾಲಿನ ಮೊದಲ ಮತ್ತು ಕೊನೆಯ ತೂತಿಗೆ ಲೋಟ ಇಟ್ಟು ನೋಡಿ. ಎರಡೂ ಲೋಟ ಸಮನಾಗಿ ತುಂಬದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಉಪ್ಪು ಹಿಡಿದಿದೆ. ನಾಟಿಯಾದ ಸಾಲಿಗೆ ರಾಗಿ ಹುಲ್ಲು, ಅವರೆ ಹೊಟ್ಟು, ಒಣ ಎಲೆ, ಏನು ಸಿಕ್ಕರೂ ಹೊದಿಸಿ.

12. ಅವರೆ ಬೀಜಕ್ಕೆ ಕೆಮ್ಮಣ್ಣಿನ ಅಂಗಿ

ಸೊಗಡು ಅವರೆಯನ್ನು ಕೊನೆಯ ಕಾಯಿವರೆಗೆ ಕಿತ್ತು ಮಾರಿ, ಬಿತ್ತನೆಗೆ ಅಂಗಡಿಯ ಬೀಜ ಹುಡುಕುವುದು ಈಚಿನ ಅಭ್ಯಾಸ. ಒಳ್ಳೆಯ ಹತ್ತು ಗಿಡಗಳನ್ನು ಜನವರಿಯಲ್ಲಿ ಬಿಟ್ಟುಬಿಡಿ. ಮೊದಲ ಗೊಂಚಲಿನ ತುಂಬಿದ ಕಾಯಿ ಗಿಡದಲ್ಲೇ ಒಣಗಲಿ. ಬಿಡಿಸಿದ ಬೀಜವನ್ನು ಬಿಸಿಲಿಗೆ ಹಾಕಿ, ಹಲ್ಲಿಗಿಟ್ಟು ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಆಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ಗಂಜಿಯ ಹದಕ್ಕೆ ಕಲಸಿ, ಬೀಜವನ್ನು ಅದರಲ್ಲಿ ಹೊರಳಿಸಿ ಮತ್ತೆ ಚೆನ್ನಾಗಿ ಒಣಗಿಸಿ. ಮಣ್ಣಿನ ಆ ಪದರ ದಾಟಿ ಹುಳು ಬೀಜಕ್ಕೆ ಮೊಟ್ಟೆ ಅಂಟಿಸಲಾರದು. ನಮ್ಮ ಅಜ್ಜಿಯರು ಬಲ್ಲ ಕೆಲಸ ಇದು. ಅವರು ಇರುವಾಗಲೇ ಜೊತೆಗೆ ಕೂತು ಕಲಿತುಕೊಳ್ಳಿ.

ಸುಗಂಧರಾಜದ ಗೆಡ್ಡೆಗೂ ಇದೇ ಕಾಲ. ಮೂರು ವರ್ಷ ದಾಟಿದ ಮಡಿಯಲ್ಲಿ ಗೆಡ್ಡೆ ಒತ್ತೊತ್ತಾಗಿ ಹೂ ಸಣ್ಣದಾಗುತ್ತದೆ. ನೀರು ನಿಲ್ಲಿಸಿ, ಎಲೆ ಹಳದಿಯಾದ ಮೇಲೆ ಅಗೆದು, ದಪ್ಪನೆಯದನ್ನು ಆರಿಸಿ ನೆರಳಲ್ಲಿ ಹರಡಿಡಿ. ಬೇಸಿಗೆಯಲ್ಲಿ ಹೊಸ ಮಡಿಗೆ ಹೋಗಲಿ.

13. ಮಂಡಿಯ ಚೀಟಿ ಬಿಸಾಡಬೇಡಿ

ಒಂದು ದಬ್ಬಳಕ್ಕೆ ಚುಚ್ಚಿಟ್ಟರೂ ಸಾಕು. ವರ್ಷದ ಚೀಟಿಗಳನ್ನು ಸಂಕ್ರಾಂತಿಯ ಮರುದಿನ ಹರಡಿ, ಯಾವ ವಾರ ಯಾವುದಕ್ಕೆ ಎಷ್ಟು ಸಿಕ್ಕಿತು, ಕಮಿಷನ್ ಎಷ್ಟು ಹೋಯಿತು, ಬಾಡಿಗೆ ಎಷ್ಟು ಎಂದು ಒಂದು ಹಾಳೆಗೆ ಇಳಿಸಿ. ಹೆಚ್ಚು ರೇಟು ಬಂದ ಬೆಳೆಯೇ ಹೆಚ್ಚು ಉಳಿಸಿದ ಬೆಳೆ ಆಗಿರುವುದಿಲ್ಲ. ಎರಡು ಮಡಿ ಕೊತ್ತಂಬರಿ ಸೊಪ್ಪು ಅರ್ಧ ಎಕರೆ ಟೊಮೆಟೊವನ್ನು ಮೀರಿಸಿದ ಬೇಸಿಗೆಗಳಿವೆ. ಹೊಸ ಬೆಳೆಯ ನಿರ್ಧಾರವನ್ನು ನೆರೆಯವರು ಏನು ಹಾಕಿದ್ದಾರೆ ಎಂಬುದರ ಮೇಲೆ ಮಾಡದೆ ಈ ಹಾಳೆಯ ಮೇಲೆ ಮಾಡಿ. ಟೊಮೆಟೊ ಊರುಗೋಲು, ಸ್ಪ್ರೇಯರಿನ ನಾಜಲ್, ಕುಡುಗೋಲಿನ ಹಿಡಿ, ಕ್ರೇಟುಗಳ ಖರ್ಚನ್ನೂ ಅಲ್ಲೇ ಬರೆದು, ರಿಪೇರಿಯಾಗುವುದನ್ನು ಫೆಬ್ರವರಿಯೊಳಗೆ ಕಮ್ಮಾರನಿಗೋ ಅಂಗಡಿಗೋ ಕೊಟ್ಟುಬಿಡಿ.

14. ಹೂ ಕೊಯ್ಯುವವರನ್ನು ಮಾಗಿಯಲ್ಲಿ ಮರೆಯಬೇಡಿ

ಯುಗಾದಿಯ ಹಿಂದಿನ ಮೂರು ದಿನ ಸುತ್ತಲ ಊರಿನ ಎಲ್ಲ ತೋಟಕ್ಕೂ ಒಟ್ಟಿಗೇ ಆಳು ಬೇಕು. ಆಗ ಫೋನು ಹಿಡಿದು ಓಡಾಡಿದರೆ ಯಾರೂ ಸಿಗುವುದಿಲ್ಲ. ಕೆಲಸ ಕಡಿಮೆ ಇರುವ ಡಿಸೆಂಬರ್-ಜನವರಿಯಲ್ಲೂ ವಾರಕ್ಕೆರಡು ದಿನವಾದರೂ ಅದೇ ನಾಲ್ಕೈದು ಮಂದಿಗೆ ಕಳೆ, ಸಸಿ, ಗೊಬ್ಬರದ ಕೆಲಸ ಕೊಟ್ಟವರ ತೋಟಕ್ಕೆ ಅವರು ಹಬ್ಬದ ದಿನ ಮೊದಲು ಬರುತ್ತಾರೆ. ಮಲ್ಲಿಗೆ ಮೊಗ್ಗು ಬಿಡಿಸುವುದು ನಸುಕಿನಲ್ಲಿ, ಕೊರೆಯುವ ಚಳಿಯಲ್ಲಿ. ತಲೆಗೆ ಕಟ್ಟುವ ಬ್ಯಾಟರಿ ದೀಪ, ಹಾವು-ಚೇಳಿಂದ ಕಾಪಾಡುವ ಗಂಬೂಟು, ಮಧ್ಯೆ ಒಂದು ಲೋಟ ಬಿಸಿ ಕಾಫಿ, ಇವು ದಾನವಲ್ಲ, ತೋಟದ ಖರ್ಚಿನ ಬಾಬತ್ತು. ಗಂಡಾಳಿಗೊಂದು ಹೆಣ್ಣಾಳಿಗೊಂದು ಕೂಲಿ ಎಂಬ ಹಳೆ ಲೆಕ್ಕವನ್ನೂ ಬಿಡಿ, ನಸುಕಿನಲ್ಲಿ ಎದ್ದು ಬರುವವರು ಹೆಚ್ಚಾಗಿ ಹೆಂಗಸರೇ. ಅವರ ಮನೆಯಲ್ಲೂ ಯುಗಾದಿಗೆ ಹೋಳಿಗೆ ಆಗಬೇಕು. ಮಂಡಿಯಿಂದ ನಿಮ್ಮ ದುಡ್ಡು ಬರುವವರೆಗೆ ಕಾಯಿಸದೆ, ಹಬ್ಬಕ್ಕೆ ಎರಡು ದಿನ ಮುಂಚೆಯೇ ಅವರ ಕೂಲಿ ಪೂರ್ತಿ ಚುಕ್ತಾ ಮಾಡಿ.